ಒಣ ಟೈರನ್ನು ನಂಬಿ ಕೆಟ್ಟೆ: ನನ್ನ ಅನುಭವ

ನಾನು ಹಳೆ ಟೈರ್ ಕೊಂಡು ಮಾರುವವನು. ಲೋಡ್ ಕಳಿಸುವ ಮುಂಚೆ ಪ್ರತಿ ಟೈರಿನ ನೀರು ಚೆಲ್ಲಿಸಿ, ಎರಡು ದಿನ ಬಿಸಿಲಿಗೆ ಹಾಕಿಸುತ್ತಿದ್ದೆ. ನೀರೇ ಇಲ್ಲ ಅಂದ ಮೇಲೆ ಸೊಳ್ಳೆ ಎಲ್ಲಿಂದ ಬರಬೇಕು, ಅಲ್ವಾ? ಹಾಗಂತ ವರ್ಷಗಟ್ಟಲೆ ನಂಬಿದ್ದೆ.

ಒಂದು ಸಲ ಸುಮ್ನೆ ಕುತೂಹಲಕ್ಕೆ, ಸೂರಿನಡಿ ಎರಡು ತಿಂಗಳಿಂದ ಒಣಗಿ ಬಿದ್ದಿದ್ದ ಟೈರಿಗೆ ಎರಡು ಲೋಟ ನಲ್ಲಿ ನೀರು ಸುರಿದು, ಹೊರಗಿನ ಸೊಳ್ಳೆ ಒಳಗೆ ಹೋಗದ ಹಾಗೆ ಪರದೆ ಬಟ್ಟೆ ಬಿಗಿದು ಕಟ್ಟಿದೆ. ಮೂರನೇ ದಿನ ಟಾರ್ಚ್ ಬಿಟ್ಟು ನೋಡಿದೆ. ನೀರಿನ ತುಂಬ ಸೊಳ್ಳೆಯ ಮರಿಹುಳ (ಲಾರ್ವಾ) ಕುಣಿಯುತ್ತಿದ್ದವು!

ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಬಿಡುವುದಿಲ್ಲ, ನೀರಿನ ಅಂಚಿನ ಮೇಲಿರುವ ಒದ್ದೆ ಗೋಡೆಗೆ ಅಂಟಿಸುತ್ತದೆ. ಮೊಟ್ಟೆ ಒಂದು ಮಿಲಿಮೀಟರಿಗಿಂತ ಚಿಕ್ಕದು, ಬಣ್ಣ ಕಪ್ಪು. ಕಪ್ಪು ರಬ್ಬರಿನ ಮೇಲೆ ಕಂಡೀತೇ? ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಒಡೆಯುತ್ತದೆ. ಈ ಸೊಳ್ಳೆ ತಾನಾಗಿ ಹಾರಿದರೆ ಕೆಲವು ನೂರು ಮೀಟರ್ ದಾಟುವುದೂ ಕಷ್ಟ. ಸಮುದ್ರ ದಾಟಿಸಿದವರು ನಮ್ಮಂಥ ವ್ಯಾಪಾರದವರು. 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಏಷ್ಯಾದ ಹುಲಿ ಸೊಳ್ಳೆ (ಇದೂ ಒಂದು ಬಗೆಯ ಈಡಿಸ್) ನೆಲೆಯೂರಿದ್ದು ಗೊತ್ತಾಯಿತು, ಬಂದದ್ದು ಏಷ್ಯಾದ ಹಳೆ ಟೈರುಗಳಲ್ಲಿ. 1990ರ ಹೊತ್ತಿಗೆ ಅದು ಇಟಲಿಯಲ್ಲೂ ಕಾಣಿಸಿತು, ಅಲ್ಲಿಗೆ ಅಮೆರಿಕದ ಹಳೆ ಟೈರುಗಳ ಜೊತೆ ಹೋಗಿತ್ತು. ಸೊಳ್ಳೆ ಬಂದ ದಿನವೇ ಕಾಯಿಲೆ ಬರಲಿಲ್ಲ. 2007ರಲ್ಲಿ ಭಾರತದಿಂದ ಇಟಲಿಗೆ ಹೋದ ಒಬ್ಬ ಪ್ರಯಾಣಿಕನ ರಕ್ತದಲ್ಲಿ ಚಿಕೂನ್‌ಗುನ್ಯ ವೈರಸ್ ಇತ್ತು, ಕಚ್ಚಲು ಸೊಳ್ಳೆ ಅಲ್ಲಿ ತಯಾರಾಗಿ ಕೂತಿತ್ತು, ರವೆನ್ನಾ ಸುತ್ತಮುತ್ತ ಸುಮಾರು 200 ಜನ ಮಲಗಿದರು. ಅಂದರೆ ಲೋಡ್ ಇಳಿಸಿ ಎಷ್ಟೋ ವರ್ಷದ ಮೇಲೆ! ಯಾರಿಗೆ ನೆನಪಿರುತ್ತದೆ ಹೇಳಿ.

ಈಗ ನಾನು ಮಾಡುವುದು ಮುಖ್ಯವಾಗಿ ಉಜ್ಜುವ ಕೆಲಸ. ಗಡುಸು ಬ್ರಷ್ ಹಿಡಿದು, ಸೋಪು ನೀರು ಹಾಕಿ, ಟೈರಿನ ಒಳಗೋಡೆಯನ್ನು ಸುತ್ತಲೂ ತಿಕ್ಕಬೇಕು. ಬೇಜಾರಿನ ಕೆಲಸ, ಹುಡುಗರು ಗೊಣಗುತ್ತಾರೆ. ತೊಳೆದ ನೀರನ್ನು ಚರಂಡಿಗೆ ಬಿಡದೆ ಒಣ ಮಣ್ಣಿಗೆ ಸುರಿಯುತ್ತೇವೆ. ಒಣಗಿದ ಟೈರು ಸೀದಾ ಸೂರಿನಡಿಗೆ ಹೋಗಬೇಕು, ಒಂದು ರಾತ್ರಿ ಮಳೆಗೆ ನೆನೆದರೆ ಮತ್ತೆ ಸೊಳ್ಳೆ ಬಂದು ಮೊಟ್ಟೆ ಇಡುತ್ತದೆ. ತಾರ್ಪಾಲು ಹೊದಿಸಿ ನೋಡಿದೆ, ಅದರ ಗುಂಡಿಗಳಲ್ಲೇ ನೀರು ನಿಂತು ಹುಳ ಆದವು, ಈಗ ಇಳಿಜಾರಾಗಿ ಎಳೆದು ಕಟ್ಟುತ್ತೇನೆ. ಲಾರ್ವಾ ಔಷಧಿ ಹುಳವನ್ನು ಮಾತ್ರ ಕೊಲ್ಲುತ್ತದೆ, ಹೊಗೆ ಹಾಕಿದರೆ ಹಾರುವ ಸೊಳ್ಳೆ ಸಾಯುತ್ತದೆ, ಒಣ ಮೊಟ್ಟೆಗೆ ಎರಡರಿಂದಲೂ ಏನೂ ಆಗುವುದಿಲ್ಲ. ತೂತು ಕೊರೆದರೆ ನೀರು ನಿಲ್ಲುವುದಿಲ್ಲ ನಿಜ, ಆದರೆ ಮತ್ತೆ ಗಾಡಿಗೆ ಹಾಕುವ ಟೈರಿಗೆ ಅದು ಆಗದ ಮಾತು.

ಲೋಡ್ ಹೊರಡುವ ಹತ್ತು ದಿನ ಮುಂಚೆ ಐದು ಟೈರ್ ಆರಿಸಿ ಅದೇ ಎರಡು ಲೋಟ ನೀರಿನ ಪರೀಕ್ಷೆ ಮಾಡುತ್ತೇನೆ. ಹೋದ ಸಲ ಒಂದರಲ್ಲಿ ಹುಳ ಕಂಡವು. ಇಡೀ ಲೋಡನ್ನು ಮತ್ತೆ ಉಜ್ಜಿಸಿದೆ, ಲಾರಿಯವನು ಎರಡು ದಿನ ಕಾದು ಬೈದುಕೊಂಡು ಹೋದ.