ಈ ಕಂಬಳಿಯನ್ನು ಬೆಳಿಗ್ಗೆ ಎಲ್ಲಿಡಲಿ?

ದಾವಣಗೆರೆಯ ರೈಲು ನಿಲ್ದಾಣದ ಹತ್ತಿರ ನನ್ನದೊಂದು ಚೀಲ ಹೊಲಿಯುವ ಅಂಗಡಿ ಇದೆ. ಹರಿದ ಜಿಪ್, ಕಿತ್ತ ಹಿಡಿಕೆ, ಮುರಿದ ಗಾಲಿ, ಇವೇ ನನ್ನ ದಿನದ ಕೆಲಸ. ಆರು ವರ್ಷಗಳ ಹಿಂದೆ, ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ, ನಾವು ನಾಲ್ಕು ಜನ ಗೆಳೆಯರು ಹಣ ಕೂಡಿಸಿ ನಲವತ್ತು ಹೊದಿಕೆಗಳನ್ನು ಕೊಂಡೆವು. ರಾತ್ರಿ ಹತ್ತರ ನಂತರ ನಿಲ್ದಾಣದ ಹೊರಗೆ, ಪಿ.ಬಿ. ರಸ್ತೆಯ ಅಂಗಡಿಗಳ ಕಟ್ಟೆಗಳ ಮೇಲೆ ಮಲಗಿದ್ದವರಿಗೆ ಹೊದಿಸಿ ಬಂದೆವು. ನಿದ್ದೆ ಕೆಡಿಸಬಾರದೆಂದು ಯಾರನ್ನೂ ಎಬ್ಬಿಸಲಿಲ್ಲ, ಮಾತನಾಡಿಸಲೂ ಇಲ್ಲ.

ನಾಲ್ಕನೆಯ ರಾತ್ರಿ ನೋಡಿದರೆ, ಹೊದಿಕೆ ಪಡೆದಿದ್ದ ಅಜ್ಜ ಗೋಣಿಚೀಲ ಹೊದ್ದು ಮುದುಡಿ ಮಲಗಿದ್ದರು. ಮಾರಿಕೊಂಡಿರಬೇಕು ಎಂದು ನನ್ನ ಮನಸ್ಸು ಥಟ್ಟನೆ ಹೇಳಿತು. ಹಾಗೆ ಯೋಚಿಸಿದ್ದಕ್ಕೆ ಇಂದಿಗೂ ನೋವಿದೆ. ಕೇಳಿದಾಗ ಅವರು ಎದ್ದು ಕುಳಿತು, "ತಮ್ಮಾ, ಬೆಳಕು ಹರಿಯುವ ಮೊದಲೇ ಈ ಕಟ್ಟೆ ಬಿಡಬೇಕು. ಹೆಗಲ ಮೇಲೆ ಹಾಸಿಗೆ ಹೊತ್ತುಕೊಂಡು ಹೋದರೆ ಹಮಾಲಿಗೆ ಯಾರು ಕರೆಯುತ್ತಾರೆ? ಅದನ್ನು ಬೆಳಿಗ್ಗೆ ಎಲ್ಲಿಡಲಿ, ನೀನೇ ಹೇಳು" ಎಂದರು. ಮರದ ಕವಲಿನಲ್ಲಿ ಸಿಕ್ಕಿಸಿ ಎಪಿಎಂಸಿಗೆ ಕೆಲಸಕ್ಕೆ ಹೋಗಿದ್ದರಂತೆ. ಸಂಜೆ ಬಂದಾಗ ಅದು ಕಸದ ಗಾಡಿಯಲ್ಲಿ ಹೋಗಿಯಾಗಿತ್ತು. ಗುಡಿಸುವವರನ್ನು ದೂರುವಂತಿಲ್ಲ. ಮಡಿಸದ, ಮಣ್ಣು ಮೆತ್ತಿದ ಬಟ್ಟೆ ಅವರ ಕಣ್ಣಿಗೆ ಕಸವೇ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ನನ್ನ ಅಂಗಡಿಯ ಹಿಂಗೋಡೆಗೆ ಹಳೆಯ ಸೂಟ್‌ಕೇಸ್‌ಗಳನ್ನು ಪೇರಿಸಿದ್ದ ಮರದ ಅಟ್ಟಣಿಗೆಯನ್ನು ಖಾಲಿ ಮಾಡಿ, ಹಲಗೆ ಬಡಿಸಿ ಹದಿನಾರು ಖಾನೆ ಮಾಡಿಸಿದೆ. ಉಳಿದ ಕ್ಯಾನ್‌ವಾಸ್‌ನಲ್ಲಿ ಒಂದೇ ಅಳತೆಯ ಚೀಲಗಳನ್ನು ಹೊಲಿದು, ಮೇಲೆ ಅಂಕಿ ಬರೆದೆ. ಪಕ್ಕದ ಚಹಾದಂಗಡಿ ಬೆಳಗಿನ ಐದಕ್ಕೇ ತೆರೆಯುತ್ತದೆ. ಆ ಅಣ್ಣನ ಬಳಿ ಒಂದು ಬೀಗದ ಕೈ ಇಟ್ಟೆ. ಬೆಳಿಗ್ಗೆ ಚೀಲ ಇಟ್ಟು ಹೋಗುವುದು, ರಾತ್ರಿ ಎಂಟರೊಳಗೆ ಒಯ್ಯುವುದು. ಇಲಿ ಬರುವುದರಿಂದ ತಿನ್ನುವ ಪದಾರ್ಥ ಇಡುವಂತಿಲ್ಲ. ಅವರ ಚೀಲವನ್ನು ನಾವು ತೆರೆಯುವಂತಿಲ್ಲ. ಇಷ್ಟೇ ನಿಯಮ. ಕೊನೆಯ ನಿಯಮ ನನ್ನ ಹೆಂಡತಿಯದು, ಉಳಿದವುಗಳಿಗಿಂತ ದೊಡ್ಡದು. ಬೀದಿಯಲ್ಲಿ ಮಲಗುವವರ ಗಂಟನ್ನು ಸಿಕ್ಕಸಿಕ್ಕವರೆಲ್ಲ ಬಿಚ್ಚಿ ನೋಡುತ್ತಾರೆ. ಇಲ್ಲಿಯಾದರೂ ಬೇಡ ಎಂದಳು.

ಮರುವರ್ಷ ಗಿರಣಿಯ ತೆಳು ಹೊದಿಕೆ ಬಿಟ್ಟು ಚಳ್ಳಕೆರೆ ಕಡೆಯ ಕುರಿ ಕಂಬಳಿ ತಂದೆವು. ದುಬಾರಿ, ಹಾಗಾಗಿ ಹದಿನಾರೇ ತರಲು ಸಾಧ್ಯವಾಯಿತು. ಇಬ್ಬನಿ ಬಿದ್ದರೂ ಒಳಗೆ ಬೆಚ್ಚಗಿರುತ್ತದೆ, ನೆಲಕ್ಕೆ ಹಾಸಿದರೆ ತಂಡಿ ಏರುವುದಿಲ್ಲ. ಅವುಗಳಲ್ಲಿ ಹದಿನಾಲ್ಕು ಮೂರು ಚಳಿಗಾಲ ಬಾಳಿದವು. ಇಡಲು ಜಾಗವಿದ್ದರೆ ಕೊಟ್ಟದ್ದು ಉಳಿಯುತ್ತದೆ ಎಂಬುದು ಆಗ ನಮಗೆ ಕಣ್ಣಾರೆ ತಿಳಿಯಿತು.

ಕಂಬಳಿಯ ಹಿಂದೆಯೇ ಕಾಗದಗಳು ಬಂದವು. ಮಳೆಯಲ್ಲಿ ನೆಂದು ಅಂಟಿಕೊಂಡ ಆಧಾರ್ ಕಾರ್ಡು, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್. ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಕೊಟ್ಟೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಆದರೆ ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಏನು ಬರೆಯುವುದು? ನನ್ನ ಅಂಗಡಿಯ ವಿಳಾಸ ಕೊಡಲು ಹೋಗಿ ಒಂದು ಕಚೇರಿಯಲ್ಲಿ ಬೈಸಿಕೊಂಡೆ. ಮಾನ್ಯತೆ ಪಡೆದ ವಸತಿರಹಿತರ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರ್‌ಗೆ ಅದು ವಿಳಾಸದ ದಾಖಲೆಯಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಆಶ್ರಯ ಕೇಂದ್ರವೆಂದರೆ ನನಗೆ ಬರೀ ಮಲಗುವ ಸೂರಾಗಿ ಕಾಣುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ, ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವ ಆಶ್ರಯ ಇರಬೇಕೆಂದಿತ್ತು. 2011ರ ಜನಗಣತಿಯಲ್ಲೇ ನಮ್ಮ ಊರು ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿತ್ತು. ಲೆಕ್ಕ ಹಾಕಿ ನೋಡಿ. ಸಭೆಗಳಲ್ಲಿ ಅವಕಾಶ ಸಿಕ್ಕಾಗಲೆಲ್ಲ ಈ ಲೆಕ್ಕವನ್ನು ಎತ್ತುತ್ತೇನೆ, ಜೊತೆಗೆ ಮಂಚದಷ್ಟೇ ಸಂಖ್ಯೆಯ ಬೀಗವಿರುವ ಪೆಟ್ಟಿಗೆಗಳನ್ನೂ ಕೇಳುತ್ತೇನೆ.

ಇನ್ನೊಂದು ವಿಷಯವನ್ನು ಈ ಕೆಲಸಕ್ಕೆ ಇಳಿಯುವವರು ತಿಳಿದಿರಬೇಕು. ಬೇಸಿಗೆಯಲ್ಲಿ ಮೂರು ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ತನ್ನಷ್ಟಕ್ಕೆ ಮಾತನಾಡುತ್ತಾ ಹಳಿಯ ಪಕ್ಕ ನಡೆಯುತ್ತಿದ್ದ ಹುಡುಗನೊಬ್ಬನ ವಿಷಯದಲ್ಲಿ ನಾನು ಮೂರು ದಿನ ಏನೂ ತೋಚದೆ ಕಳೆದೆ. ಕಳೆಯಬಾರದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಹೀಗೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್‌ನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು, ಕುಟುಂಬವನ್ನು ಹುಡುಕಬೇಕು. ಆ ಪುಟದ ಪ್ರತಿ ಈಗ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಇರುತ್ತದೆ. ವಯಸ್ಸಾದವರಾದರೆ 14567ಕ್ಕೆ ಕರೆ ಮಾಡುತ್ತೇನೆ, ಅದು ಹಿರಿಯರ ಸಹಾಯವಾಣಿ.

ಏಳನೇ ಖಾನೆಯ ಅಜ್ಜಿಯ ವಿಷಯ ಹೇಳಬೇಕು. ಸುಮಾರು ಎಂಟು ತಿಂಗಳು ನಮ್ಮಲ್ಲಿ ಚೀಲ ಇಟ್ಟರು. ಹೆಸರು ಕೇಳಿದರೆ ನಗುತ್ತಿದ್ದರು, ಊರು ಕೇಳಿದರೆ ಸೆರಗು ಎಳೆದುಕೊಳ್ಳುತ್ತಿದ್ದರು. ಮರೆವು ಇತ್ತು. ಪೊಲೀಸರಿಗೂ ತಿಳಿಸಿದ್ದೆವು, ಪ್ರಯೋಜನವಾಗಿರಲಿಲ್ಲ. ಒಂದು ಸಂಜೆ ನನ್ನ ಹೆಂಡತಿ ಅಡುಗೆಗೆಂದು ಒಣಕೊಬ್ಬರಿ ಕೊಂಡು ಅಂಗಡಿಗೆ ಬಂದಳು. ಅಜ್ಜಿ ಆ ಗಿಟುಕನ್ನು ಕೈಗೆ ತೆಗೆದುಕೊಂಡು ಮೂಸಿ, "ತೇರಿಗೆ ಹೋಗುತ್ತೀಯೇನವ್ವಾ? ಸುಡುವಾಗ ಹೊಗೆ ಕಣ್ಣಿಗೆ ಬರುತ್ತದೆ, ಮಗುವನ್ನು ದೂರ ಹಿಡಿ" ಎಂದರು.

ಕೊಬ್ಬರಿ ಸುಡುವ ತೇರು! ನಮ್ಮ ಕಡೆಯವರಿಗೆ ಅಷ್ಟು ಸಾಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಹರಕೆ ಹೊತ್ತವರು ಒಣಕೊಬ್ಬರಿ ಸುಡುತ್ತಾರೆ. ಅಜ್ಜಿಯ ಒಪ್ಪಿಗೆ ಕೇಳಿ ಒಂದು ಫೋಟೊ ತೆಗೆದುಕೊಂಡೆ. ನಾವು ತೆಗೆಯುವ ಫೋಟೊ ಇಂಥ ಕೆಲಸಕ್ಕೆ ಮಾತ್ರ, ಅನ್ನ ಕೊಡುವಾಗ ಎಂದೂ ಇಲ್ಲ. ಭಾನುವಾರ ಬಸ್ ಹತ್ತಿ ಹೋದೆ. ನಾಯಕನಹಟ್ಟಿಯಲ್ಲಿ ಗುರುತು ಸಿಗಲಿಲ್ಲ. ಸುತ್ತಲ ಹಳ್ಳಿಗಳ ಕಿರಾಣಿ ಅಂಗಡಿ, ನ್ಯಾಯಬೆಲೆ ಅಂಗಡಿಗಳಲ್ಲಿ ತೋರಿಸುತ್ತಾ ಹೋದೆ. ಮೂರನೆಯ ಭಾನುವಾರ ಒಬ್ಬ ಹೆಂಗಸು ಫೋಟೊ ನೋಡಿದವರೇ ಕಟ್ಟೆಯ ಮೇಲೆ ಕುಸಿದು ಕುಳಿತರು. ಅಜ್ಜಿಯ ತಂಗಿಯ ಮಗಳು.

ಮಗ ಬಂದರು. ಒಳ್ಳೆಯವರಂತೆ ಕಂಡರು, ಅತ್ತರು ಕೂಡ. ಅಜ್ಜಿ ಅವರ ಮುಖವನ್ನು ಬಹಳ ಹೊತ್ತು ನೋಡಿ, "ಬಡವಾಗಿದ್ದೀಯಾ" ಎಂದರು. ಹೊರಡುವಾಗ ನಾನು ಚೀಲವನ್ನು ತೆಗೆದುಕೊಡಲು ಹೋದರೆ ತಡೆದರು. "ಅದು ಅಲ್ಲೇ ಇರಲಿ ತಮ್ಮಾ."

ಎರಡು ವರ್ಷವಾಯಿತು. ಖಾನೆಗಾಗಿ ಕಾಯುವವರು ಯಾವಾಗಲೂ ಇರುತ್ತಾರೆ. ಕಳೆದ ತಿಂಗಳು ಹೊಸ ಹಲಗೆ ತರಿಸಿ ಇನ್ನೂ ಮೂರು ಖಾನೆ ಮಾಡಿಸಿದೆವು. ಏಳನೆಯದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಚೀಲ ಅಲ್ಲೇ ಇದೆ.