ಉತ್ತರ ಉಂಟು, ವೋಚರ್ ಎಲ್ಲಿ?

ಬ್ಯಾಂಕಿನಲ್ಲಿದ್ದಾಗ ಇಪ್ಪತ್ತು ವರ್ಷಕ್ಕೂ ಜಾಸ್ತಿ ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದವನು ನಾನು. ಸೀಟು ಸಿಕ್ಕಿದರೆ ಇಂಗ್ಲಿಷ್ ಪೇಪರನ್ನು ನಾಲ್ಕಾಗಿ ಮಡಚಿ, ಕ್ರಿಪ್ಟಿಕ್ ಪದಬಂಧ, ಅಂದರೆ ಸುಳಿವೇ ಒಗಟಾಗಿರುವ ಪದಬಂಧ, ಮೇಲೆ ಬರುವ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ನನ್ನ ಗಡಿಯಾರ ಅಂದರೆ ಊರುಗಳು. ಕಾಪು ದಾಟುವಾಗ ಒಂದು ಸುಳಿವು ಬಿಡಿಸಿರಬೇಕು, ಮೂಲ್ಕಿಗೆ ನಾಲ್ಕು. ಕೂಳೂರು ಸೇತುವೆ ಬರುವಾಗ ಅರ್ಧ ತುಂಬಿದ್ದರೆ ಆ ದಿನ ಮ್ಯಾನೇಜರ್ ಬೈದರೂ ಬೇಸರ ಆಗುತ್ತಿರಲಿಲ್ಲ.

ಈ ಹುಚ್ಚು ಹಿಡಿಸಿದ್ದು ನಮ್ಮ ಶಾಖೆಯ ಹಿರಿಯ ಅಧಿಕಾರಿ. ಎಲ್ಲರೂ ಅವರನ್ನು ರಾಯರು ಅನ್ನುತ್ತಿದ್ದರು. ಊಟದ ಹೊತ್ತಿಗೆ ನನ್ನ ಪೇಪರ್ ಎಳೆದು ನೋಡುವುದು ಅವರ ಅಭ್ಯಾಸ. ಒಂದು ದಿನ ಇಂಥದ್ದೊಂದು ಸುಳಿವು ಇತ್ತು: ‘ವೈಲ್ಡ್ ಟ್ರೈಬ್ಸ್ ಫ್ಲವರ್’, ಐದು ಅಕ್ಷರ. ಮೊದಲನೆಯದು ‘ಟಿ’ ಅಂತ ಅಡ್ಡ ಸಾಲಿನಿಂದ ಗೊತ್ತಾಗಿತ್ತು. ನಾನು ‘ಟ್ಯೂಲಿಪ್’ ಅಂತ ಗಟ್ಟಿಯಾಗಿ ಬರೆದಿದ್ದೆ. ಪೆನ್ನಿನಲ್ಲಿ!

ರಾಯರು ಕನ್ನಡಕ ಮೇಲೇರಿಸಿ ಕೇಳಿದರು: “ಉತ್ತರ ಉಂಟು, ವೋಚರ್ ಎಲ್ಲಿ ಮಾರಾಯ್ರೇ? ಫ್ಲವರ್‌ಗೆ ಟ್ಯೂಲಿಪ್ ಸರಿ. ವೈಲ್ಡ್ ಎಂತಕ್ಕೆ ಬಂತು? ಟ್ರೈಬ್ ಎಂತಕ್ಕೆ ಬಂತು?”

ನನ್ನ ಹತ್ತಿರ ಜವಾಬಿರಲಿಲ್ಲ. ಅವರೇ ಬಿಡಿಸಿದರು. ಇಲ್ಲಿ ಫ್ಲವರ್ ಹೂವಲ್ಲ. ‘ಫ್ಲೋ’ ಆಗುವುದು, ಅಂದರೆ ಹೊಳೆ. ‘ವೈಲ್ಡ್’ ಅಂದರೆ ಅಕ್ಷರಗಳು ಹುಚ್ಚೆದ್ದಿವೆ, ಕಲಸು ಅಂತ ಸೂಚನೆ. ಟ್ರೈಬ್‌ನ ಟಿ, ಆರ್, ಐ, ಬಿ, ಇ ಕಲಸಿದರೆ ಟಿ, ಐ, ಬಿ, ಇ, ಆರ್. ಟೈಬರ್, ರೋಮ್ ಊರಿನ ನದಿ. ಒಂದು ಪದವೂ ಸುಮ್ನೆ ಕೂತಿಲ್ಲ. ಸಂಜೆ ಕ್ಯಾಶ್ ತಾಳೆ ಆದ ಹಾಗೆ ಎಲ್ಲ ತಾಳೆ ಆಯಿತು.

ಆವತ್ತಿನಿಂದ ನನಗೊಂದು ನಿಯಮ. ಚೌಕ ತುಂಬಿದರೆ ಸಾಲದು, ಪ್ರತಿ ಪದಕ್ಕೂ ಲೆಕ್ಕ ಕೊಡಬೇಕು. ಕ್ರಿಪ್ಟಿಕ್ ಸುಳಿವಿನಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದು ನೇರ ಅರ್ಥ, ಇನ್ನೊಂದು ಅಕ್ಷರದಾಟ. ನೇರ ಅರ್ಥ ಸಾಲಿನ ಶುರುವಿನಲ್ಲಿ ಇರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಅಡಗಿರುವುದಿಲ್ಲ. ನಾನು ಮೊದಲು ಮಾಡುವ ಕೆಲಸ, ಎರಡೂ ಭಾಗ ಎಲ್ಲಿ ಬೇರೆಯಾಗಬಹುದು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿ ನೋಡುವುದು. ಹೌದು, ಈಗ ಪೆನ್ಸಿಲು.

ಇತಿಹಾಸ ಹೇಳುವುದೆಂದರೆ ರಾಯರಿಗೆ ಊಟಕ್ಕಿಂತ ಇಷ್ಟ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲ ಪದಬಂಧ ಪ್ರಕಟಿಸಿದರು. ಅದು ವಜ್ರದ ಆಕಾರದಲ್ಲಿತ್ತು, ಸುಳಿವುಗಳೆಲ್ಲ ನೇರ. ಈ ವಕ್ರ ಬುದ್ಧಿ ಬಂದದ್ದು ಆಮೇಲೆ, ಇಂಗ್ಲೆಂಡಿನಲ್ಲಿ. 1920ರ ದಶಕದಲ್ಲಿ ಅಲ್ಲಿಯ ‘ಅಬ್ಸರ್ವರ್’ ಪತ್ರಿಕೆಗೆ ಇಂಥ ಪದಬಂಧ ಮಾಡಿದವರು ಟೊರ್ಕಿಮಾಡ ಅಂತ ಹೆಸರಿಟ್ಟುಕೊಂಡರು. ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದವನ ಹೆಸರು ಅದು. ಬಿಡಿಸಲು ಕೂತವರಿಗೆ ಅರ್ಥವಾಗುತ್ತದೆ. 1939ರಲ್ಲಿ ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಝಿಮೆನಿಸ್. ಅವರು ಶಾಲಾ ಮೇಷ್ಟ್ರು. ದಾರಿ ತಪ್ಪಿಸಬಹುದು, ಆದರೆ ಮೋಸ ಮಾಡಬಾರದು ಅನ್ನುವ ಶಿಸ್ತು ತಂದವರು ಅವರು. ರಾಯರು ಅವರ ಪಕ್ಷ, ನಾನೂ ಅದೇ.

ನಿವೃತ್ತಿಯಾದ ಮೇಲೆ ಅಕ್ಕನ ಮಗಳು ಹಿಡಿದುಕೊಂಡಳು. “ಮಾವ, ನಂಗೂ ಕಲಿಸಿ.” ನಾನು ಟೈಬರ್ ಕಥೆಯಿಂದಲೇ ಶುರು ಮಾಡಿದೆ. ಅವಳು ತಲೆ ಆಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅಮ್ಮ ಮಾತ್ರ, “ಅಷ್ಟು ಹೊತ್ತಿಂದ ಎಂತ ಹೇಳ್ತಾ ಇದ್ದಿ? ಕನ್ನಡದಲ್ಲಿ ಹೇಳು” ಅಂದರು.

ನಾನು ಹೇಳಿದೆ, ಕನ್ನಡದಲ್ಲಿ ಇಂಥದ್ದು ಕಷ್ಟ ಅಮ್ಮ ಅಂತ. ನಮ್ಮ ಪೇಪರುಗಳ ಪದಬಂಧದಲ್ಲಿ ಹೆಚ್ಚಾಗಿ ಸಮಾನಾರ್ಥಕ ಪದ ಕೇಳುತ್ತಾರೆ ಅಷ್ಟೆ. ಅಮ್ಮ ಬಿಡಲಿಲ್ಲ. “ಮಳೆ ಬರ್ತಾ ಉಂಟು, ಛತ್ರಿ ಕೇಳಿದ್ರೆ ಕೊಡೆ ಅಂದ ಹಾಗಾ?”

ನಾನು ಬಾಯಿ ಮುಚ್ಚಿದೆ. ಹಳೇ ಶ್ಲೇಷೆ, ಎಲ್ಲರಿಗೂ ಗೊತ್ತಿರುವುದೇ. ಆದರೆ ಸುಳಿವಾಗಿ ಬರೆದರೆ ಪಕ್ಕಾ ಕ್ರಿಪ್ಟಿಕ್: ‘ಮಳೆಗೆ ಬೇಕು, ನಾನು ನೀಡುವುದಿಲ್ಲ (2)’. ಎರಡು ನೇರ ಅರ್ಥ, ಒಂದೇ ಉತ್ತರ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಎದುರಾಳಿಯ ಮಾತನ್ನೇ ಒಡೆದು ಬೇರೆ ಅರ್ಥ ಹೊರಡಿಸುವುದನ್ನು ರಾತ್ರಿಯಿಡೀ ಕೂತು ಕೇಳಿದವರು ಅಮ್ಮ. ಅವರಿಗೆ ಇದನ್ನು ನಾನು ಕಲಿಸಬೇಕೇ?

ಅಲ್ಲಿಂದ ನಾವು ಮೂವರೂ ಕನ್ನಡದಲ್ಲೇ ಸುಳಿವು ಕಟ್ಟತೊಡಗಿದೆವು. ಆಗ ನಿಜವಾದ ತೊಂದರೆಗಳು ಗೊತ್ತಾದವು. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು. ಸುರತ್ಕಲ್ ಬರೆಯಿರಿ ನೋಡುವ: ಸು, ರ, ತ್ಕ, ಲ್. ಆ ‘ತ್ಕ’ ಚೌಕಕ್ಕೆ ಮೇಲಿನಿಂದ ಕೆಳಕ್ಕೆ ಯಾವ ಪದ ತರುತ್ತೀರಿ? ಬಿಡಿಸುವವರಿಗೆ ಮಾತ್ರ ಇದು ಲಾಭ. ಇಂಗ್ಲಿಷಿನಲ್ಲಿ ‘ಇ’ ಸಿಕ್ಕಿದರೆ ಎಂತದೂ ಸಿಕ್ಕಿದ ಹಾಗಲ್ಲ. ಕನ್ನಡದಲ್ಲಿ ಒಂದು ‘ಳ್ಳು’ ಸಿಕ್ಕಿತೋ, ಅರ್ಧ ಕೆಲಸ ಆಯಿತು.

ಅಕ್ಷರ ಕಲಸುವ ಆಟವೂ ನಮ್ಮಲ್ಲಿ ಸಪ್ಪೆ. ಐದು ಅಕ್ಷರಗಳನ್ನು 120 ರೀತಿ ಜೋಡಿಸಬಹುದು. ಕನ್ನಡದ ಪದಗಳಲ್ಲಿ ಮೂರಕ್ಷರದವೇ ಬೇಕಾದಷ್ಟು, ಅದಕ್ಕೆ ಆರೇ ದಾರಿ. ಅದಕ್ಕೆ ಬೇರೆ ಉಪಾಯ ಹುಡುಕಿದೆವು. ಒಂದೇ ಅಕ್ಷರ ಬೇಕಾದಾಗ ಸಂಗೀತದ ಸ್ವರ ತೆಗೆದುಕೊಂಡೆವು. ಷಡ್ಜ ಅಂದರೆ ಸ, ಗಾಂಧಾರ ಅಂದರೆ ಗ. ‘ತಿರುಳಿನೊಳಗೆ ಗಾಂಧಾರ ಹೊಕ್ಕರೆ ಸಮುದ್ರ (3)’. ತಿರುಳು ಅಂದರೆ ಸಾರ. ನಡುವೆ ಗ ಇಟ್ಟರೆ ಸಾಗರ. ಇನ್ನೊಂದು, ‘ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2)’. ನದಿಯನ್ನು ತಿರುಗಿಸಿ ಓದಿ, ದಿನ. ಕೂಳೂರಿನಲ್ಲಿ ಉಬ್ಬರದ ಹೊತ್ತಿಗೆ ನೀರು ಹಿಂದಕ್ಕೆ ಹೋಗುವುದನ್ನು ಎಷ್ಟೋ ಸಲ ಬಸ್ಸಿನಿಂದ ನೋಡಿದ್ದೇನೆ. ‘ಉಬ್ಬರಕ್ಕೆ ಹೊಳೆ’ ಅಂತ ಬರೆಯಲು ತುಂಬಾ ಆಸೆ ಇತ್ತು. ಆದರೆ ಉಬ್ಬರಕ್ಕೆ ವೋಚರ್ ಇಲ್ಲವಲ್ಲ, ತೆಗೆದುಹಾಕಿದೆ.

ನನ್ನ ಮೆಚ್ಚಿನದು ಇದು: ‘ಕೋಲಾಹಲ ಸುಮ್ಮನೆ, ಒಳಗಿರುವುದು ಹಣ್ಣು (3)’. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಚೀಲ ನೋಡಿ ಗಲಾಟೆಯಾದ ಹಾಗೆ ಓದಿಸಿಕೊಳ್ಳುತ್ತದೆ. ಅಕ್ಷರ ಬಿಡಿಬಿಡಿಯಾಗಿ ನೋಡಿದರೆ ಕೋ, ಲಾ, ಹ, ಲ, ಸು, ಮ್ಮ, ನೆ. ಒಳಗೆ ಹಲಸು ಕೂತಿದೆ.

ಬ್ಯಾಂಕಿನ ನೆನಪಿಗೆ ಮಾಡಿದ್ದು, ‘ಕಚೇರಿ ಆರಂಭಕ್ಕೇ ವಿಳಂಬ, ತಿರುಗಿ ಬಂತು ಫೈಲು (3)’. ಅಕ್ಕನ ಮಗಳು ಇದರಲ್ಲಿ ಎರಡು ದಿನ ಸಿಕ್ಕಿಬಿದ್ದಳು. ‘ತಿರುಗಿ ಬಂತು ಫೈಲು’ ಎಂದು ಒಟ್ಟಿಗೆ ಓದುವುದೇ ತಪ್ಪು. ಫೈಲು ಒಂದೇ ನೇರ ಅರ್ಥ. ಕಚೇರಿಯ ಆರಂಭ ಅಂದರೆ ಕ. ವಿಳಂಬ ಅಂದರೆ ತಡ, ಅದು ತಿರುಗಿದರೆ ಡತ. ಒಟ್ಟು ಕಡತ. ಅವಳು ಕೇಳಿದಳು, “ಅಲ್ಲ ಮಾವ, ನಡುವೆ ಕಾಮಾ ಇತ್ತಲ್ಲ?” ಕಾಮಾವನ್ನು ನಂಬಬಾರದು. ಅದು ಓದುವವರಿಗೆ ಇಟ್ಟ ಬಾಳೆಹಣ್ಣಿನ ಸಿಪ್ಪೆ. ಉತ್ತರವನ್ನು ನಾನೇ ಹೇಳಿಬಿಟ್ಟಿದ್ದರೆ ಅವಳು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಅದಕ್ಕೇ ಈಗ ಉತ್ತರ ಕೊನೆಗೆ ಹೇಳುತ್ತೇನೆ. ಮೊದಲು ಗೆರೆ ಎಲ್ಲಿ ಹಾಕಬೇಕು ಅಂತ ಮಾತ್ರ ತೋರಿಸುವುದು.

ನಾನು ಸಿಕ್ಕಿಬಿದ್ದದ್ದು ಮೀನಿನಲ್ಲಿ. ‘ನೆಲದಮ್ಮ ಅಂದರೆ ಮೀನು (3)’ ಅಂತ ಬರೆದು, ಭೂ ಮತ್ತು ತಾಯಿ, ಭೂತಾಯಿ ಎಂದು ಬೀಗುತ್ತಿದ್ದೆ. ಅವಳು ತಕ್ಷಣ, “ಮಾವ, ಮೀನು ಬೂತಾಯಿ. ಸಣ್ಣ ಬ. ವೋಚರ್ ತಾಳೆ ಇಲ್ಲ” ಅಂದಳು. ಭೂ ಅಂತ ಬರೆಯುವವರೂ ಇದ್ದಾರೆ ಎಂದು ವಾದಿಸಿ ನೋಡಿದೆ. ಆದರೆ ತುಳುವಿನವರ ಬಾಯಲ್ಲಿ ಎಲ್ಲಿಯ ಮಹಾಪ್ರಾಣ? ಮರುದಿನ ಬೀದಿಯಲ್ಲಿ ಮೀನು ಮಾರುವವರ ಕೂಗು ಕೇಳಿದಾಗ ದಾರಿ ಸಿಕ್ಕಿತು: ‘ನೆಲದಮ್ಮನನ್ನು ಕೂಗಿದ ಹಾಗೆ ಕೇಳಿತು, ಮೀನು (3)’. ಕೇಳಿತು ಅಂದಮೇಲೆ ಕಿವಿಗೆ ಒಂದೇ ಥರ ಇದ್ದರೆ ಸಾಕು. ಮೊದಲಿಗಿಂತ ಈ ಸುಳಿವೇ ಚಂದ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತಾವೇ ಒಂದು ಕಟ್ಟಿದರು. “ಅನ್ನಕ್ಕೆ ಬೇಕು, ಊರಿಗೆಲ್ಲ ಹೇಳು. ಎರಡೇ ಅಕ್ಷರ.” ಅಕ್ಕನ ಮಗಳು ಕಿಸಕ್ಕನೆ ನಕ್ಕಳು, ಅವಳಿಗೆ ಆಗಲೇ ಹೊಳೆದಿತ್ತು. ನಾನು ಉಪ್ಪು ಅಂದೆ, ತುಪ್ಪ ಅಂದೆ. ಊರಿಗೆಲ್ಲ ಹೇಳುವುದಕ್ಕೆ ಯಾವುದೂ ಕೂರಲಿಲ್ಲ. ಎದ್ದು ಪೆನ್ಸಿಲು ಹುಡುಕಲು ಹೊರಟೆ.

“ಕೂತು ಉಣ್ಣು,” ಅಂದರು ಅಮ್ಮ. “ಸಾರು ತಣ್ಣಗಾಗ್ತದೆ.”