ಹುರಿಹಿಟ್ಟಿನ ಬಿಸ್ಕತ್ತು: ನನ್ನ ಅನುಭವ

2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಹಾಸನದ ಅಂಗಡಿಗಳಲ್ಲಿಯೂ ರಾಗಿ ಬಿಸ್ಕತ್ತಿನ ಪೊಟ್ಟಣಗಳು ಸಾಲುಗಟ್ಟಿದವು. ಒಂದನ್ನು ತಂದು ಹಿಂಬದಿಯನ್ನು ಓದಿದೆ. ಪದಾರ್ಥಗಳನ್ನು ಹೆಚ್ಚು ತೂಕದ್ದರಿಂದ ಕಡಿಮೆ ತೂಕದ್ದಕ್ಕೆ ಬರೆಯಬೇಕೆಂಬುದು ನಿಯಮ. ಆ ಪಟ್ಟಿಯಲ್ಲಿ ಮೈದಾ ಮೊದಲಿತ್ತು, ರಾಗಿ ನಾಲ್ಕನೆಯದಾಗಿತ್ತು. ಚನ್ನರಾಯಪಟ್ಟಣದ ಕಡೆಯ ಹೊಲದಿಂದ ವರ್ಷಕ್ಕಾಗುವಷ್ಟು ರಾಗಿ ನಮ್ಮ ಮನೆಗೆ ಬರುತ್ತಿರುವಾಗ ಇದನ್ನೇಕೆ ಕೊಳ್ಳಬೇಕೆನ್ನಿಸಿತು.

ಮೊದಲ ಸಲ ಮುದ್ದೆಗೆ ಬಳಸುವ ಹಿಟ್ಟನ್ನೇ ಬೆಣ್ಣೆ, ಬೆಲ್ಲದೊಂದಿಗೆ ಕಲಸಿ ಬೇಯಿಸಿದೆ. ತಟ್ಟೆಯಿಂದ ಎತ್ತುವಷ್ಟರಲ್ಲಿ ಬಿಸ್ಕತ್ತು ವಿಭೂತಿಯಂತೆ ಉದುರಿತು, ಬಾಯಿಗಿಟ್ಟರೆ ಹಸಿ ವಾಸನೆ. ಗೋಧಿ ಹಿಟ್ಟು ನೀರು ಕುಡಿದಾಗ ಅದರಲ್ಲಿ ಹುಟ್ಟುವ, ಹಿಟ್ಟನ್ನೆಲ್ಲ ಹಿಡಿದಿಡುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲಿಲ್ಲ. ನೋಡುತ್ತಿದ್ದ ಅತ್ತೆ, "ಹಸಿ ಹಿಟ್ಟಲ್ಲಿ ಯಾಕಮ್ಮ ಒದ್ದಾಡ್ತೀಯ, ಹುರಿಹಿಟ್ಟು ಹಾಕಿ ನೋಡು" ಎಂದರು. ಹುರಿಹಿಟ್ಟೆಂದರೆ ರಾಗಿಯನ್ನು ಹುರಿದು ಅರಳಿಸಿ ಪುಡಿಮಾಡಿದ ಹಿಟ್ಟು. ರಾಗಿ ಅರಳಾಗುವಾಗ ಅದರ ಪಿಷ್ಟ ಬೆಂದು ಉಬ್ಬಿರುತ್ತದೆ. ಆದ್ದರಿಂದ ಹುರಿಹಿಟ್ಟು ಹಸಿ ಹಿಟ್ಟಿಗಿಂತ ಹೆಚ್ಚು ತೇವವನ್ನು ಹೀರಿಕೊಂಡು ತಾನಾಗಿಯೇ ಮುದ್ದೆಗಟ್ಟುತ್ತದೆ. ಹಾಲು ಬೆಲ್ಲದಲ್ಲಿ ಕಲಸಿ ತಿನ್ನುವಾಗ ಪ್ರತಿದಿನ ಕಾಣುತ್ತಿದ್ದ ಈ ಗುಣ ನನಗೆ ಹೊಳೆದಿರಲಿಲ್ಲ.

ಕೆಲಸವೆಲ್ಲ ಇರುವುದು ಅರಳು ಹುರಿಯುವುದರಲ್ಲಿಯೇ. ಕಲ್ಲು ಮಣ್ಣು ಆರಿಸಿದ ರಾಗಿಗೆ ತುಸು ಮಜ್ಜಿಗೆ ಬೆರೆಸಿದ ನೀರನ್ನು ಚಿಮುಕಿಸಿ, ಕಾಳೆಲ್ಲ ತೇವವಾಗುವಂತೆ ಕೈಯಾಡಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ನೆರಳಿನಲ್ಲಿ ಹರಡಿದರೆ ಕಾಳಿನ ಮೈ ಒಣಗಿ, ಒಳಗಿನ ತೇವ ಉಳಿದಿರುತ್ತದೆ; ಆ ತೇವವೇ ಆವಿಯಾಗಿ ಕಾಳನ್ನು ಒಡೆಯುವುದು. ದಪ್ಪ ತಳದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಬಿಡದೆ ಆಡಿಸಬೇಕು. ಎರಡು ಹಿಡಿ ಒಟ್ಟಿಗೆ ಸುರಿದರೆ ಬಾಣಲೆ ತಣಿದು ಕಾಳು ಅರಳದೆ ಸೀಯುತ್ತದೆ. ಊರಿನಲ್ಲಿ ಕಾದ ಮರಳಿನಲ್ಲಿ ಹುರಿಯುವವರಿದ್ದಾರೆ. ಅದರಲ್ಲಿ ಅರಳು ಸೊಗಸಾಗಿ ಬರುತ್ತದೆ, ಆದರೆ ಎಷ್ಟು ಜರಡಿ ಹಿಡಿದರೂ ಹಲ್ಲಿಗೆ ಮರಳು ಸಿಗುತ್ತದೆಂಬ ಹೆದರಿಕೆ ನನಗೆ. ಮಿಲ್ಲಿನಲ್ಲಿ ಒಮ್ಮೆ ಖಾರದ ಪುಡಿಯ ಹಿಂದೆಯೇ ನನ್ನ ಅರಳನ್ನು ಬೀಸಿಕೊಟ್ಟಿದ್ದರಿಂದ, ಈಗ ಮಿಕ್ಸಿಯಲ್ಲಿಯೇ ಪುಡಿಮಾಡಿ ಜರಡಿ ಹಿಡಿಯುತ್ತೇನೆ.

ನನ್ನ ಅಳತೆ ಇಷ್ಟು: ಹುರಿಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಬೆಣ್ಣೆ 120 ಗ್ರಾಂ, ಪುಡಿ ಬೆಲ್ಲ 120 ಗ್ರಾಂ, ಅರಸೀಕೆರೆಯ ಕೊಬ್ಬರಿಯ ತುರಿ ಎರಡು ಚಮಚ, ಏಲಕ್ಕಿ, ಚಿಟಿಕೆ ಉಪ್ಪು, ಕಲಸಲು ಬೇಕಾದಷ್ಟು ಹಾಲು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಡದಿದ್ದರೆ ಹುರಿಹಿಟ್ಟು ಹಾಲನ್ನು ಪೂರ್ತಿ ಕುಡಿದಿರುವುದಿಲ್ಲ, ತಟ್ಟುವಾಗ ಅಂಚು ಬಿರಿಯುತ್ತದೆ. ಸಕ್ಕರೆಯ ಬಿಸ್ಕತ್ತಿಗೆ ಓವನ್ನನ್ನು 180 ಡಿಗ್ರಿಗೆ ಇಡುತ್ತಿದ್ದೆ. ಬೆಲ್ಲ ಬೇಗ ಕಪ್ಪಾಗುವುದರಿಂದ ಇದಕ್ಕೆ 160 ಡಿಗ್ರಿಯಲ್ಲಿ ಸುಮಾರು 18 ನಿಮಿಷ ಸಾಕು. ರಾಗಿಯ ಬಣ್ಣವೇ ಕಂದಾದ್ದರಿಂದ ಬೆಂದಿತೋ ಇಲ್ಲವೋ ಕಣ್ಣಿಗೆ ತಿಳಿಯದು. ಅಂಚನ್ನು ಮುಟ್ಟಿ ನೋಡಬೇಕು, ಅಥವಾ ಮೂಗನ್ನು ನಂಬಬೇಕು. ಹೊರತೆಗೆದಾಗ ಮೆತ್ತಗಿರುವುದನ್ನು ಕಂಡು ಗಾಬರಿಯಾಗಿ ಮತ್ತೆ ಒಳಗಿಟ್ಟು ಎರಡು ಸಲ ಸೀಯಿಸಿದ್ದೇನೆ. ತಟ್ಟೆಯಲ್ಲಿಯೇ ಆರಿದ ಮೇಲೆ ಅದು ಗರಿಯಾಗುತ್ತದೆ.

100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಹಾಗೆಂದು ಇಷ್ಟು ಬೆಣ್ಣೆ ಬೆಲ್ಲ ಸೇರಿದ ತಿನಿಸನ್ನು ನಾನು ಔಷಧಿಯೆನ್ನುವುದಿಲ್ಲ. ಮಕ್ಕಳಿಗೆ ಸಂಜೆ ಕೊಡುವುದು ಎರಡೇ.

ಆಷಾಢದ ಜಡಿಮಳೆಯಲ್ಲಿ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೂ ಮೂರನೆಯ ದಿನಕ್ಕೆ ಬಿಸ್ಕತ್ತು ಮೆತ್ತಗಾಗುತ್ತದೆ. ಆಗ ಐದು ನಿಮಿಷ ಮತ್ತೆ ಬಿಸಿ ಮಾಡುತ್ತೇನೆ. ಅತ್ತೆ ಮಾತ್ರ ಮೆತ್ತಗಿರುವಾಗಲೇ ಬಿಸಿ ಹಾಲಿಗೆ ಪುಡಿಮಾಡಿಕೊಂಡು ಕುಡಿಯುತ್ತಾರೆ.